ಬೆಳೆದವರ ಬಟ್ಟಲಲ್ಲಿ ಏನಿತ್ತು?

ಅಂಕೋಲಾ ಕಡೆಯ ಹಳ್ಳಿಗಳಲ್ಲಿ ನಾನು ನೋಡಿಕೊಳ್ಳುತ್ತಿದ್ದ ಯೋಜನೆಯ ಗುರಿ ಒಂದೇ: ಭತ್ತ ಕೊಯ್ದ ಗದ್ದೆಯಲ್ಲಿ ತರಕಾರಿ ಬೆಳೆಸಿ ಆದಾಯ ಹೆಚ್ಚಿಸುವುದು. ಬೀಜ, ಗೊಬ್ಬರ, ಪಂಪು ಕೊಟ್ಟೆವು. ಹರಿವೆ, ಬದನೆ, ಅಲಸಂದೆ ಬುಟ್ಟಿಗಟ್ಟಲೆ ಪೇಟೆಗೆ ಹೋದವು. ಒಂದು ಮಧ್ಯಾಹ್ನ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರ ಮನೆಯಲ್ಲಿ ಊಟಕ್ಕೆ ಕೂತೆ. ಗಂಜಿ, ಒಣಮೀನು, ಅಷ್ಟೇ. "ಹರಿವೆ ಇಲ್ವಾ ಅಜ್ಜಿ?" ಎಂದೆ.

"ಚಲೋದೆಲ್ಲ ಪ್ಯಾಟೆಗೆ ತಮಾ, ಹುಳ ಹೊಡದದ್ದು ನಮಗೆ."

ಆಮೇಲೆ ಮನೆಮನೆಗೆ ಹೋಗಿ, ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಉಂಡಿರಿ ಎಂದು ಕೇಳಿದೆವು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಳತೆಯಲ್ಲಿ ಆಹಾರಕ್ಕೆ ಧಾನ್ಯ, ಕಾಳು, ಸೊಪ್ಪು, ಮೊಟ್ಟೆ ಹೀಗೆ 10 ಗುಂಪು. ಹೆಂಗಸರು ದಿನಕ್ಕೆ ಕನಿಷ್ಠ 5 ಗುಂಪಿನದು ತಿಂದಿರಬೇಕು. ಹೆಚ್ಚಿನವರದು ಅನ್ನ, ಮೀನು, ಒಂದು ತರಕಾರಿಗೇ ನಿಂತಿತು. ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಎಂಬ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ನಮ್ಮ ಯೋಜನೆಯ ಮೊದಲ ಪುಟದಲ್ಲೇ ಇತ್ತು. ಅದಕ್ಕಾಗಿ ಮಾಡುವ ಕೆಲಸವಾಗಲಿ, ಇಟ್ಟ ಹಣವಾಗಲಿ ಒಳಪುಟಗಳಲ್ಲಿ ಎಲ್ಲೂ ಇರಲಿಲ್ಲ.

ಮೊದಲು ನಾನು ಮಾಡಿದ್ದು ತಪ್ಪು. ಮನೆಗೊಂದು ಕೈತೋಟ ಎಂದೆ. ನಸುಕಿಗೇ ಎದ್ದು ಬುಟ್ಟಿ ಹೊತ್ತು ಪೇಟೆಗೆ ಹೋಗಿ ಬಂದವರ ತಲೆಗೆ ನೀರಿನ ಕೊಡವನ್ನೂ ಏರಿಸಿದ ಹಾಗಾಯಿತು. ಗಿಡ ಒಣಗಿದವು. ಬಚ್ಚಲ ನೀರು ಹರಿಯುವಲ್ಲಿ ಬಸಳೆ ಚಪ್ಪರ ಹಾಕೋಣ ಎಂದವರು ಅವರೇ.

ಮುಖ್ಯವಾದ ಪಾಠ ಅಂಗಳದಲ್ಲಿ ಸಿಕ್ಕಿತು. ನೆಲದ ಮೇಲೆ ತಿಂಗಳಿಗೊಂದರಂತೆ 12 ಚೌಕ ಗೀಚಿ, ಯಾವಾಗ ಏನು ತಿನ್ನುತ್ತೀರಿ ಎಂದು ಕಾಳು ಇಡಿಸಿದೆವು. ಮಳೆಗಾಲದ ಚೌಕಗಳು ಹೆಚ್ಚುಕಡಿಮೆ ಖಾಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಸೊಪ್ಪು ಮಳೆಗೆ ಕೊಳೆಯುತ್ತದೆ, ಕೈಯಲ್ಲಿ ದುಡ್ಡೂ ಇರುವುದಿಲ್ಲ. ನಮ್ಮ ಕೆಲಸವೋ ಮೇ ತಿಂಗಳಿಗೇ ಮುಗಿದಿರುತ್ತಿತ್ತು! ಹಾಗಾಗಿ ಮುಂದಿನ ಬೇಸಿಗೆಯಲ್ಲಿ ಗದ್ದೆಯ ಒಂದು ಪಾಲು ಮನೆಯದೆಂದು ಮೊದಲೇ ಗುರುತು ಹಾಕಿದೆವು. ಮೊಗೆಕಾಯಿ (ಮಂಗಳೂರು ಸೌತೆ), ಚೀನಿಕಾಯಿ (ಸಿಹಿಗುಂಬಳ) ಬೆಳೆದು, ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಕೆಳಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಅಲಸಂದೆ, ಹೆಸರು ಒಣಗಿ ಡಬ್ಬ ಸೇರಿದವು. ಮಳೆಗೆ ತಾನಾಗಿ ಏಳುವ ಚಗತೆ ಸೊಪ್ಪು, ಕೆಸುವನ್ನು ಹೇಗೆ ಅಡುಗೆ ಮಾಡುವುದೆಂದು ಅಜ್ಜಿಯರು ಸೊಸೆಯಂದಿರಿಗೆ ಕಲಿಸಿದರು. ಊಟದ ಜೊತೆಗೇ ಚಾ ಕುಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಲಿಂಬೆ ಹಿಂಡಿಕೊಂಡರೆ ಹತ್ತುತ್ತದೆ ಎಂಬುದನ್ನು ಗಂಡಸರನ್ನೂ ಕೂರಿಸಿಯೇ ಹೇಳಿದೆವು.

ವರದಿಯಲ್ಲಿ ಈಗ ಮಾರಿದ ಕಿಲೋ ಪಕ್ಕದಲ್ಲೇ ಉಂಡ ಗುಂಪುಗಳ ಲೆಕ್ಕಕ್ಕೂ ಒಂದು ಕಾಲಂ ಇದೆ. ಮೊಟ್ಟೆಯ ಸಾಲು ಮಾತ್ರ ಇನ್ನೂ ತುಂಬಿಲ್ಲ. ಕೋಳಿ ಇವೆ, ಮೊಟ್ಟೆ ಸಂತೆಗೆ ಹೋಗುತ್ತದೆ. ಅದಕ್ಕೆ ಏನು ಮಾಡುವುದೆಂದು ಈ ಮಳೆಗಾಲ ಮತ್ತೆ ಅದೇ ಅಂಗಳದಲ್ಲಿ ಕೂರುತ್ತಿದ್ದೇವೆ.