ಅರಮನೆ ಮೇಲೆ ಬಾಣಬಿರುಸು: ಒಂದೇ ಫೋಟೋದಲ್ಲಿ ಎರಡು ಬೆಳಕು

ಬರೀ ಆಕಾಶದಲ್ಲಿ ಸಿಡಿಯುವ ಬಿರುಸಿನ ಫೋಟೋ ತೆಗೆಯುವುದು ಅಂಥ ಕಷ್ಟವೇನಲ್ಲ. ಟ್ರೈಪಾಡ್ ಇದ್ದರೆ ಅರ್ಧ ಕೆಲಸ ಮುಗಿಯಿತು. ಆದರೆ ಮೈಸೂರಿನವರಿಗೆ ಬರೀ ಆಕಾಶ ಸಾಕಾಗುತ್ತಾ? ಕೆಳಗೆ ಅರಮನೆಯೂ ಬೇಕು. ತಲೆನೋವು ಶುರುವಾಗುವುದೇ ಅಲ್ಲಿ. ಒಂದು ಕಡೆ ಸುಮಾರು ಒಂದು ಲಕ್ಷ ಬಲ್ಬು ಹೊತ್ತಿಸಿಕೊಂಡು ಅಲುಗದೆ ನಿಂತ ಕಟ್ಟಡ, ಇನ್ನೊಂದು ಕಡೆ ಕಣ್ಣು ಮಿಟುಕಿಸುವಷ್ಟರಲ್ಲಿ ಆರಿಹೋಗುವ ಕಿಡಿ. ಹೊಸ ವರ್ಷದ ಹಿಂದಿನ ರಾತ್ರಿ ಅಲ್ಲಿ ಕ್ಯಾಮೆರಾ ಇಟ್ಟುಕೊಂಡು ನಿಲ್ಲುವವರಲ್ಲಿ ನಾನೂ ಒಬ್ಬ. ನನಗೆ ಒಗ್ಗಿದ ದಾರಿ ಹೇಳುತ್ತೇನೆ.

ಮೊದಲು ಒಂದು ವಿಷಯ ತಲೆಗೆ ಹೋಗಬೇಕು. ಬಿರುಸಿನ ಗೆರೆ ಎಷ್ಟು ಹೊಳೆಯಬೇಕು ಅನ್ನುವುದು ಶಟರ್ (ಬೆಳಕನ್ನು ಒಳಗೆ ಬಿಡಲು ತೆರೆದು ಮುಚ್ಚುವ ಪರದೆ) ಕೈಯಲ್ಲಿಲ್ಲ. ಕಿಡಿ ಓಡುತ್ತಲೇ ಇರುತ್ತದೆ, ಬೆಳಕು ಹಿಡಿಯುವ ಸೆನ್ಸರಿನ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಶಟರ್ ನಾಲ್ಕು ಸೆಕೆಂಡ್ ತೆರೆದಿದ್ದರೂ ಎಂಟು ಸೆಕೆಂಡ್ ತೆರೆದಿದ್ದರೂ ಒಂದೊಂದು ಗೆರೆಯ ಹೊಳಪು ಅಷ್ಟೇ. ಗೆರೆಗಳು ಮಾತ್ರ ಜಾಸ್ತಿಯಾಗುತ್ತವೆ. ಹೊಳಪನ್ನು ಹಿಡಿತದಲ್ಲಿ ಇಡುವುದು ಅಪರ್ಚರ್, ಅಂದರೆ ಲೆನ್ಸಿನೊಳಗಿನ ಕಿಂಡಿ, ಮತ್ತು ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ. ಅರಮನೆಯ ಲೆಕ್ಕವೇ ಬೇರೆ. ಅದು ಕದಲುವುದಿಲ್ಲ, ಶಟರ್ ತೆರೆದಷ್ಟು ಹೊತ್ತೂ ಬೆಳಕು ತುಂಬುತ್ತಲೇ ಹೋಗುತ್ತದೆ. ಆಮೇಲೆ ಕಮಾನು, ಕಂಬ, ಗುಮ್ಮಟ ಎಲ್ಲ ಕರಗಿ ಒಂದು ಬಿಳಿ ಮುದ್ದೆ.

ಅದಕ್ಕೇ ನಾನು ಮೊದಲು ಬಿರುಸಿಗೆ ಅಪರ್ಚರ್ ಗೊತ್ತು ಮಾಡುತ್ತೇನೆ, ಆಮೇಲೆ ಅರಮನೆಗೆ ಸಮಯ. ಐಎಸ್‌ಒ 100, ಅಪರ್ಚರ್ ಎಫ್ 11 (ಈ ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು). ಈ ಸೆಟ್ಟಿಂಗಿನಲ್ಲಿ ದೀಪ ಹೊತ್ತಿದ ಅರಮನೆಗೆ ಮೂರರಿಂದ ನಾಲ್ಕು ಸೆಕೆಂಡ್ ಸಾಕು. ಬಿರುಸು ಶುರುವಾಗುವ ಮುಂಚೆಯೇ ಬರೀ ಕಟ್ಟಡದ ಕೆಲವು ಫೋಟೋ ತೆಗೆದು ಇದನ್ನು ನೋಡಿಕೊಳ್ಳಬಹುದು. ಅರಮನೆ ಭಾನುವಾರವೂ ಸಂಜೆ ಬೆಳಗುತ್ತದಲ್ಲ, ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೇ ಅವಕಾಶ ಇಲ್ಲ.

ಆದರೆ ನಾಲ್ಕು ಸೆಕೆಂಡಿನಲ್ಲಿ ಒಂದೋ ಎರಡೋ ಬಿರುಸು ಸಿಗುತ್ತದೆ. ಇನ್ನೂ ಬೇಕು ಅನ್ನಿಸಿದರೆ ಕಪ್ಪು ರಟ್ಟಿನ ಉಪಾಯ ಇದೆ. ಕ್ಯಾಮೆರಾ ಬಲ್ಬ್ ಮೋಡಿನಲ್ಲಿ (ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುತ್ತದೆ), ಕೈಯಲ್ಲಿ ಕ್ಯಾಮೆರಾ ಮುಟ್ಟದೆ ಗುಂಡಿ ಒತ್ತುವ ಕೇಬಲ್ ರಿಲೀಸ್. ಶಟರ್ ತೆರೆದು, ಅರಮನೆಗೆ ಬೇಕಾದ ಸೆಕೆಂಡುಗಳನ್ನು ಎಣಿಸಿ, ಲೆನ್ಸಿನ ಮುಂದೆ ಕೆಳಭಾಗಕ್ಕೆ ಮಾತ್ರ ರಟ್ಟು ಅಡ್ಡ ಹಿಡಿಯುತ್ತೇನೆ. ಮೇಲೆ ಆಕಾಶ ತೆರೆದೇ ಇರುತ್ತದೆ, ಬಿರುಸುಗಳು ಬಂದು ಕೂರುತ್ತವೆ. ರಟ್ಟನ್ನು ಒಂದೇ ಕಡೆ ಹಿಡಿದರೆ ಫೋಟೋದಲ್ಲಿ ಅದರ ಅಂಚು ಗೆರೆಯಂತೆ ಕಾಣುತ್ತದೆ, ಸ್ವಲ್ಪ ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು. ಲೆನ್ಸಿಗಾಗಲಿ ಟ್ರೈಪಾಡಿಗಾಗಲಿ ಕೈ ತಾಕಬಾರದು. ಪಕ್ಕದಲ್ಲಿ ನಿಂತವರು ಇವನೇನು ಬೀಸಣಿಗೆ ಬೀಸುತ್ತಿದ್ದಾನೆ ಅಂತ ನೋಡುತ್ತಾರೆ. ನೋಡಲಿ ಬಿಡಿ.

ಶಟರ್ ಯಾವಾಗ ತೆರೆಯಬೇಕು? ಹತ್ತಿರ ಇದ್ದರೆ ಕಿವಿಯೇ ಹೇಳುತ್ತದೆ. ನೆಲದಿಂದ ಬಿರುಸು ಹಾರುವಾಗ ‘ಧಪ್’ ಅನ್ನುವ ಸದ್ದು ಬರುತ್ತದೆ, ಆಗಲೇ ತೆರೆಯಬೇಕು. ಮೇಲೇರುವ ಬಾಲವೂ ಸಿಗುತ್ತದೆ, ಅರಳಿದ ಹೂವೂ ಸಿಗುತ್ತದೆ. ಚಾಮುಂಡಿ ಬೆಟ್ಟದಿಂದ ತೆಗೆಯುವವರಿಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿಗೆ ಸದ್ದು ತಲುಪಲು ಹತ್ತು ಸೆಕೆಂಡಿಗೂ ಜಾಸ್ತಿ ಬೇಕು, ಅಷ್ಟರಲ್ಲಿ ಬಿರುಸು ಬೂದಿಯಾಗಿರುತ್ತದೆ. ಬೆಟ್ಟದಿಂದ ಊರೆಲ್ಲ ಕಾಣುತ್ತದೆ ನಿಜ, ಆದರೆ ದೂರದ್ದನ್ನು ಹತ್ತಿರಕ್ಕೆ ತರುವ ಟೆಲಿ ಲೆನ್ಸ್ ಹಾಕದಿದ್ದರೆ ಅರಮನೆ ಒಂದು ಚುಕ್ಕಿ.

ಜಾಗದ ವಿಷಯದಲ್ಲಿ ನನ್ನ ಒಲವು ಪೂರ್ವಕ್ಕೆ, ಅಂದರೆ ಜಯಮಾರ್ತಾಂಡ ದ್ವಾರದ ದಿಕ್ಕಿಗೆ. ಅರಮನೆಯ ಮುಖ ಇರುವುದು ಆ ಕಡೆ. ಇನ್ನೊಂದು ಕಾರಣ ಹೊಗೆ. ಡಿಸೆಂಬರಿನಲ್ಲಿ ನಮ್ಮಲ್ಲಿ ಗಾಳಿ ಸಾಮಾನ್ಯವಾಗಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಹೊಗೆ ಅರಮನೆಯ ಹಿಂದಕ್ಕೆ ಸರಿದುಹೋಗುತ್ತದೆ. ಗಾಳಿಯೇ ಇಲ್ಲದ ರಾತ್ರಿ ಮಾತ್ರ ಯಾರೇನೂ ಮಾಡುವ ಹಾಗಿಲ್ಲ. ಮೊದಲ ಎರಡು ಮೂರು ನಿಮಿಷದಲ್ಲಿ ಸಿಕ್ಕಿದ್ದೇ ಚೆನ್ನಾಗಿರುತ್ತದೆ, ಆಮೇಲೆ ಬರುವುದು ಬಣ್ಣ ಬಳಿದ ಮಂಜು. ಟ್ರೈಪಾಡ್ ಒಳಗೆ ಬಿಡುತ್ತಾರಾ ಅಂತ ಮೊದಲೇ ಕೇಳಿಕೊಂಡು ಹೋಗಿ.

ಕ್ಯಾಮೆರಾ ಅಡ್ಡ ಇಡಬೇಡಿ, ಉದ್ದಕ್ಕೆ ನಿಲ್ಲಿಸಿ. ಅರಮನೆಯ ಗೋಪುರ 145 ಅಡಿ, ದೊಡ್ಡ ಬಿರುಸು ಅದಕ್ಕಿಂತ ತುಂಬಾ ಮೇಲೆ ಅರಳುತ್ತದೆ. ಫೋಟೋದ ಮುಕ್ಕಾಲು ಭಾಗ ಆಕಾಶಕ್ಕೆ ಬಿಟ್ಟರೂ ಕೆಲವು ಸಲ ಸಾಲದು. ಫೋಕಸ್ಸನ್ನು ಅರಮನೆ ದೀಪದ ಮೇಲೆ ಮಾಡಿ, ತಕ್ಷಣ ಮ್ಯಾನುಯಲ್‌ಗೆ ಬದಲಾಯಿಸಿ. ಕೈ ಅಲುಗಾಟ ಸರಿಪಡಿಸುವ ಸ್ಟೆಬಿಲೈಸೇಶನ್ ಆಫ್. ಫೋಟೋದ ಕಲೆ ತೆಗೆಯುವ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಕೂಡ ಆಫ್. ಅದು ಆನ್ ಇದ್ದರೆ ಐದು ಸೆಕೆಂಡಿನ ಫೋಟೋ ಆದಮೇಲೆ ಕ್ಯಾಮೆರಾ ಇನ್ನೈದು ಸೆಕೆಂಡ್ ಸುಮ್ನೆ ಕೂತಿರುತ್ತದೆ. ಮಾಗಿ ಚಳಿಗೆ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ, ಜೇಬಿನಲ್ಲಿ ಒಣ ಬಟ್ಟೆ ಇರಲಿ.

ಬಣ್ಣದಲ್ಲಿ ನೀಲಿಯದೇ ತೊಂದರೆ. ಕೆಂಪು ಸ್ಟ್ರಾನ್ಷಿಯಮ್‌ನಿಂದ, ಹಸಿರು ಬೇರಿಯಮ್‌ನಿಂದ, ನೀಲಿ ತಾಮ್ರದ ಸಂಯುಕ್ತದಿಂದ ಬರುತ್ತದೆ. ತಾಮ್ರದ ನೀಲಿ ಮೊದಲೇ ಮಂಕು, ಹೆಚ್ಚು ಬಿಸಿಯಾದರೆ ಇನ್ನೂ ಕೆಡುತ್ತದೆ. ಟೈಟಾನಿಯಮ್ಮಿನ ಬೆಳ್ಳಿ ಕಿಡಿಯಂತೂ ಎಫ್ 11ರಲ್ಲೂ ಕಣ್ಣು ಕುಕ್ಕುತ್ತದೆ. ಆ ಬಿಳಿ ಶುರುವಾದರೆ ನಾನು ಎಫ್ 16ಕ್ಕೆ ಇಳಿಯುತ್ತೇನೆ. ವೈಟ್ ಬ್ಯಾಲೆನ್ಸ್ (ಫೋಟೋದ ಬಣ್ಣದ ಹದ) 4000 ಕೆಲ್ವಿನ್ ಹತ್ತಿರ ಇಟ್ಟರೆ ಅರಮನೆಯ ಹೊಂಬಣ್ಣ ಉಳಿಯುತ್ತದೆ. ಆಟೋದಲ್ಲಿ ಬಿಟ್ಟರೆ ಒಂದೊಂದು ಫೋಟೋದಲ್ಲಿ ಒಂದೊಂದು ಬಣ್ಣದ ಅರಮನೆ.

ಬೇರೆ ಬೇರೆ ಫೋಟೋಗಳ ಬಿರುಸನ್ನೆಲ್ಲ ಕಂಪ್ಯೂಟರಿನಲ್ಲಿ ಒಂದಕ್ಕೆ ಸೇರಿಸುವವರಿದ್ದಾರೆ. ಟ್ರೈಪಾಡ್ ಕದಲದಿದ್ದರೆ ಅದು ಸುಲಭ. ಅಕ್ಕಪಕ್ಕದ ಎರಡು ಫೋಟೋ ಸೇರಿಸಿದರೆ ನನ್ನ ತಕರಾರಿಲ್ಲ, ನಾನೂ ಮಾಡುತ್ತೇನೆ. ಇಡೀ ರಾತ್ರಿಯ ಬಿರುಸನ್ನು ಒಂದೇ ಗೋಪುರದ ಮೇಲೆ ಪೇರಿಸುವುದು ಮಾತ್ರ ನನಗೆ ಹಿಡಿಸುವುದಿಲ್ಲ.