ಟ್ರ್ಯಾಕ್ಟರ್ ಹೈಡ್ರಾಲಿಕ್ ಪೈಪ್: ಹೊರಗಿನ ದಪ್ಪ ನೋಡಿ ತರಬ್ಯಾಡ್ರಿ

ತೊಗರಿ ರಾಶಿ ಮುಗಿದು ಎರಿ ಹೊಲದಾಗ ಪಲ್ಟಿ ನೇಗಿಲ ಹೊಡಿಯೋ ಟೈಮಿಗೇ ಎಣ್ಣಿ ಓಡೋ ಹೈಡ್ರಾಲಿಕ್ ಪೈಪ್ ಒಡೀತದ, ಆಗ ಆಳಂದ ಕಡಿಯಿಂದಾಗ್ಲಿ ಜೇವರ್ಗಿ ಕಡಿಯಿಂದಾಗ್ಲಿ ಗಡಿಬಿಡಿ ಮಾಡಿ ಕಲಬುರಗಿಗೆ ಬಂದು ಅಂಗಡ್ಯಾಗ "ಇಷ್ಟು ದಪ್ಪಂದು ಕೊಡ್ರಿ" ಅಂತ ಬೆರಳು ತೋರಿಸಿ ಒಯ್ಯೋರು ಭಾಳ ಮಂದಿ ಅದಾರ. ಹಂಗ ತರಬ್ಯಾಡ್ರಿ. ಪೈಪಿನ ಸೈಜ್ ಅಂದ್ರ ಒಳಗಿನ ತೂತಿನ ಅಳತಿ. ರಬ್ಬರಿನೊಳಗ ಉಕ್ಕಿನ ತಂತಿ ಹೆಣಿಗಿ ಒಂದೇ ಪದರ ಇರೋ ಸಿಂಗಲ್ ವೈರ್ ಪೈಪ್ ತೆಳ್ಳಗ ಕಾಣ್ತದ, ಎರಡು ಪದರ ಇರೋ ಡಬಲ್ ವೈರ್ ದಪ್ಪ ಕಾಣ್ತದ, ಆದ್ರ ಅರ್ಧ ಇಂಚಿಂದು ಎರಡರ ಒಳಗೂ 12.7 ಎಂಎಂನೇ ಇರ್ತದ.

ಮೊದಲು ಹಳೆ ಪೈಪ್ ಒರೆಸಿ ಮ್ಯಾಲಿನ ಪ್ರಿಂಟ್ ಓದ್ರಿ. 04, 06, 08 ಅಂತ ಇದ್ರ ಅದು ಇಂಚಿನ 16ನೇ ಭಾಗದ ಲೆಕ್ಕ, ಅಂದ್ರ 08 ಅರ್ಧ ಇಂಚು, ಮೇಸ್ತ್ರಿ ಮಂದಿ ಹೇಳೋ ನಾಕು ಸೂತು. ಪ್ರಿಂಟ್ ಅಳಿಸಿ ಹೋಗಿದ್ರ ತುದಿ ನೆಟ್ಟಗ ಕಟ್ ಮಾಡಿಸಿ ವರ್ನಿಯರ್ ಹಚ್ಚಿ ಒಳಗಿನ ಅಳತಿ ತಗೋರಿ.

ನೇಗಿಲ, ಟ್ರಾಲಿ ಅಂಥ ಹೊಸ ಇಂಪ್ಲಿಮೆಂಟಿಗೆ ಪೈಪ್ ಹಾಕೋದಿದ್ರ ಪಂಪ್ ನಿಮಿಷಕ್ಕ ಎಷ್ಟು ಲೀಟರ್ ಕೊಡ್ತದ ಅಂತ ಟ್ರ್ಯಾಕ್ಟರಿನ ಬುಕ್ಕಿನಾಗ ನೋಡ್ರಿ, ಆ ಲೀಟರನ್ನ 21.2ರಿಂದ ಗುಣಿಸಿ, ಒಳ ಅಳತಿ ಎಂಎಂನಾಗ ಎಷ್ಟದನೋ ಅದನ್ನ ಅದರಿಂದನೇ ಗುಣಿಸಿ ಬಂದ ಸಂಖ್ಯೆಯಿಂದ ಭಾಗಿಸಿದ್ರ ಎಣ್ಣಿ ಸೆಕೆಂಡಿಗೆ ಎಷ್ಟು ಮೀಟರ್ ಓಡ್ತದ ಅಂತ ಬರ್ತದ. ಪಂಪಿನಿಂದ ಎಣ್ಣಿ ಹೋಗೋ ಪ್ರೆಶರ್ ಲೈನಿನಾಗ 6 ದಾಟಬಾರದು, ಎಣ್ಣಿ ವಾಪಸ್ ಬರೋ ರಿಟರ್ನಿನಾಗ 3ರ ಒಳಗ ಇರ್ಲಿ. 40 ಲೀಟರ್ ಪಂಪಿಗೆ ಅರ್ಧ ಇಂಚು ಹಾಕಿದ್ರ ಸುಮಾರು 5.3 ಬರ್ತದ, ಚಲೋ ಅದ. ಅದೇ ಮೂರು ಸೂತಿಂದು ಹಾಕಿದ್ರ 9.4ಕ್ಕ ಹೋಗ್ತದ, ಎಣ್ಣಿ ಕಾಯ್ತದ, ಸಿಲಿಂಡರ್ ನಿಧಾನ ಆಗ್ತದ, ಸೀಲ್ ಲಗೂ ಹೋಗ್ತಾವ, ಮೊದಲೇ ನಮ್ಮ ಕಡಿ ಬ್ಯಾಸಗಿ ಬಿಸಿಲು ಎಂಥದ್ದು ಅಂತ ನಿಮಗ ಗೊತ್ತೇ ಅದ.

ರಿಟರ್ನ್ ಪೈಪ್ ಸಣ್ಣದಿದ್ರೂ ನಡೀತದ ಅಂತ ಭಾಳ ಮಂದಿ ತಿಳ್ಕೊಂಡಾರ. ನಡಿಯಂಗಿಲ್ಲ. ಪಲ್ಟಿ ನೇಗಿಲಿಂದು ಎರಡೂ ಕಡಿಯಿಂದ ಎಣ್ಣಿ ದಬ್ಬೋ ಡಬಲ್ ಆಕ್ಟಿಂಗ್ ಸಿಲಿಂಡರ್ ಇದ್ರ, ರಾಡ್ ಒಳಗ ಹೋಗೋ ಮುಂದ ಹಿಂದಿನ ಕಡಿಯಿಂದ ಹೊರಗ ಬರೋ ಎಣ್ಣಿ ಪಂಪ್ ಕೊಟ್ಟಿದ್ದಕ್ಕಿಂತ ಜಾಸ್ತಿ ಇರ್ತದ, ಯಾಕಂದ್ರ ಆ ಕಡಿ ರಾಡ್ ಜಾಗ ಹಿಡದಿರಂಗಿಲ್ಲ. ಟ್ರಾಲಿದು ಒಂದೇ ಕಡಿಯಿಂದ ಎಣ್ಣಿ ದಬ್ಬೋ ಸಿಂಗಲ್ ಆಕ್ಟಿಂಗ್ ಇದ್ರ ಎಣ್ಣಿ ಅದೇ ಪೈಪಿನಾಗ ವಾಪಸ್ ಬರಬೇಕು, ಸಣ್ಣ ಪೈಪ್ ಇದ್ರ ಖಾಲಿ ಟ್ರಾಲಿ ಇಳಿಯೋಕೇ ತಾಸಗಟ್ಲೆ ಹಿಡಿದಂಗ ಅನಸ್ತದ.

ಪ್ರೆಶರಿನ ಲೆಕ್ಕ ಬ್ಯಾರೆ. ಅದಕ್ಕ ವೈರ್ ನೋಡಬೇಕು. ಅರ್ಧ ಇಂಚಿನ 1ಎಸ್‌ಎನ್ ಸಿಂಗಲ್ ವೈರ್ 160 ಬಾರ್ (ಪ್ರೆಶರ್ ಅಳಿಯೋ ಮಾಪ) ತಡೀತದ, 2ಎಸ್‌ಎನ್ ಡಬಲ್ ವೈರ್ 275. ಪ್ರೆಶರ್ ಮಿತಿ ಮೀರಿದ್ರ ಎಣ್ಣಿ ಬಿಟ್ಟು ಕೊಡೋ ಟ್ರ್ಯಾಕ್ಟರಿನ ರಿಲೀಫ್ ವಾಲ್ವ್ 150ರಿಂದ 200ರ ತನಕ ಇರೋದೇ ಜಾಸ್ತಿ, ಹಿಂಗಾಗಿ ನನ್ನ ಮಾತು ಕೇಳಿದ್ರ ಡಬಲ್ ವೈರೇ ಹಾಕಿಸ್ರಿ, ಸ್ವಲ್ಪ ರೊಕ್ಕ ಜಾಸ್ತಿ ಹೋದ್ರ ಹೋಗ್ಲಿ. ಇನ್ನೊಂದು, ತೂತು ದೊಡ್ಡದಾದಂಗ ಅದೇ ಡಬಲ್ ವೈರ್ ತಡಿಯೋ ಪ್ರೆಶರ್ ಕಮ್ಮಿ ಆಗ್ತದ, ಮುಕ್ಕಾಲು ಇಂಚಿಂದು 215 ಬಾರ್ ಅಷ್ಟೇ. ಅಂಗಡಿಯವ್ರು ಒಡಿಯೋ ಪ್ರೆಶರ್ ತೋರಿಸಿ ಸಾವಿರ ಬಾರ್ ಅಂದ್ರ ಅದನ್ನ ಹಿಡಿಬ್ಯಾಡ್ರಿ, ಕೆಲಸದಾಗ ತಡಿಯೋ ವರ್ಕಿಂಗ್ ಪ್ರೆಶರ್ ಎಷ್ಟು ಅಂತ ಕೇಳ್ರಿ.

ಉದ್ದ ಅಳಿಯೋ ಮುಂದ ಇಂಪ್ಲಿಮೆಂಟ್ ಪೂರ್ತಿ ಎತ್ತಿ, ಇಳಿಸಿ, ಸ್ಟೇರಿಂಗ್ ಎರಡೂ ಕಡಿ ತಿರುವಿ ಹಗ್ಗ ಹಿಡಿದು ನೋಡ್ರಿ. ಪ್ರೆಶರ್ ಬಂದಾಗ ಪೈಪ್ 4 ಪರ್ಸೆಂಟ್ ತನಕ ಗಿಡ್ಡ ಆಗಬಹುದು, ಸ್ವಲ್ಪ ಸಡ್ಲು ಬಿಡ್ರಿ. ಅರ್ಧ ಇಂಚಿನ ಡಬಲ್ ವೈರಿಗೆ ಬಾಗು 18 ಸೆಂಟಿಮೀಟರ್ ರೇಡಿಯಸ್‌ಗಿಂತ ಕಮ್ಮಿ ಆಗಬಾರದು. ಹಳೆ ಫಿಟಿಂಗ್ ಸಂಗಟನೇ ಒಯ್ರಿ, ಅರ್ಧ ಇಂಚಿನ ಬಿಎಸ್‌ಪಿ ಮತ್ತ ಎನ್‌ಪಿಟಿ ಅನ್ನೋದು ಬ್ಯಾರೆ ಬ್ಯಾರೆ ಥ್ರೆಡ್, ಆದ್ರ ಎರಡಕ್ಕೂ ಇಂಚಿಗೆ 14 ಆಟಿ ಇರೋದ್ರಿಂದ ಎರಡು ಸುತ್ತು ಸರಾಗ ಕೂಡ್ತಾವ, ಆಮ್ಯಾಲ ಲೀಕ್.

ಬಿಚ್ಚೋ ಮೊದಲು ಇಂಪ್ಲಿಮೆಂಟ್ ನೆಲಕ್ಕ ಇಳಿಸಿ, ಎಂಜಿನ್ ಬಂದ್ ಮಾಡಿ, ಲಿವರ್ ಹಿಂದ ಮುಂದ ಆಡಿಸಿ ಪ್ರೆಶರ್ ಬಿಡ್ರಿ. ಲೀಕ್ ಎಲ್ಲದ ಅಂತ ಕೈ ಹಚ್ಚಿ ನೋಡಬ್ಯಾಡ್ರಿ, ರಟ್ಟು ಹಿಡೀರಿ. ಸೂಜಿ ಮೊನಿಯಷ್ಟು ತೂತಿನಿಂದ ಎಣ್ಣಿ ಚರ್ಮದೊಳಗ ಹೊಕ್ಕಿದ್ರ ಹೊರಗ ಸಣ್ಣ ಚುಕ್ಕಿ ಅಷ್ಟೇ ಕಾಣ್ತದ, ಒಳಗ ಬೆರಳೇ ಹೋಗೋವಷ್ಟು ಹಾನಿ ಆಗಿರ್ತದ, ನೋವಿಲ್ಲ ಅಂತ ಕೂಡಬ್ಯಾಡ್ರಿ, ತಡಾ ಮಾಡದ ತಕ್ಷಣ ದೊಡ್ಡ ದವಾಖಾನಿಗೆ ಹೋಗಿ ಹೈಡ್ರಾಲಿಕ್ ಎಣ್ಣಿ ಒಳಗ ಹೊಕ್ಕದ ಅಂತ ಡಾಕ್ಟ್ರಿಗೆ ಬಾಯಿ ಬಿಟ್ಟು ಹೇಳ್ರಿ.