ನಾಲ್ಕು ಮನೆ ಸೇರಿ ಮಳೆಗಾಲಕ್ಕೆ ಕೂಡಿಟ್ಟದ್ದು

ನಮ್ಮ ಓಣಿಯ ನಾಲ್ಕು ಮನೆಗಳಿಗೆ ಕೆಲವು ವರ್ಷಗಳಿಂದ ಅಂಗಡಿಯ ತೆಂಗಿನೆಣ್ಣೆ ಬಂದಿಲ್ಲ. ಹಪ್ಪಳವೂ ಬಂದಿಲ್ಲ. ಎರಡನ್ನೂ ನಾವೇ ಸೇರಿ ಮಾಡಿಕೊಳ್ಳುತ್ತೇವೆ. 2025ರಲ್ಲಿ ಎಣ್ಣೆ ಲೀಟರಿಗೆ ನಾನೂರು ದಾಟಿದಾಗ ಮಂಗಳೂರಿನಲ್ಲಿ ಎಲ್ಲಿ ಹೋದರೂ ಅದೇ ಮಾತು. ನಾವು ಮಾತ್ರ ಒಗ್ಗರಣೆಗೆ ಕೈ ಬಿಗಿ ಹಿಡಿಯಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಶುರು ಮಾಡುವಾಗ ನಮ್ಮ ಭಾವನವರು, "ನಾಲ್ಕು ಮನೆಯವರು ಒಂದೇ ಅಂಗಳದಲ್ಲಿ ಕೂತರೆ ವಾರ ಕಳೆಯುವುದರೊಳಗೆ ಮಾತು ಬಿಡ್ತೀರಿ, ನೋಡ್ತಾ ಇರು" ಅಂದಿದ್ದರು. ಈಗ ಪ್ರತಿ ಜೂನ್‌ನಲ್ಲಿ ಬಂದು ಎರಡು ಕಟ್ಟು ಹಪ್ಪಳ ತೆಗೆದುಕೊಂಡು ಹೋಗುತ್ತಾರೆ.

ನಾವಿರುವುದು ಕುಲಶೇಖರದಲ್ಲಿ, ಹಾಲಿನ ಡೈರಿಯಿಂದ ಸ್ವಲ್ಪ ಒಳಗೆ. ಎದುರು ಮನೆ ಬಾಯಿಯವರದು, ಕ್ರೈಸ್ತ ಹೆಂಗಸರನ್ನು ಇಲ್ಲಿ ಹಾಗೆ ಕರೆಯುತ್ತೇವೆ. ಮೂಲೆಯಲ್ಲಿ ಕೊಂಕಣಿ ಮಾಮ್, ಮಾಮಿ. ಹಿಂದಿನ ಮನೆಯಲ್ಲಿ ಅಕ್ಕ, ಅವರ ಮಗ, ಸೊಸೆ, ಮೊಮ್ಮಕ್ಕಳು. ನಾಲ್ಕೂ ಹಿತ್ತಲು ಸೇರಿದರೆ ಇಪ್ಪತ್ತರ ಆಸುಪಾಸು ತೆಂಗಿನ ಮರ, ಎರಡು ಹಲಸು, ಒಂದು ಪುನರ್ಪುಳಿ (ಕೋಕಂ). ಇಂಥ ಹಿತ್ತಲು ಊರಲ್ಲಿ ಇನ್ನೂ ಎಷ್ಟೋ ಇವೆ, ಅಲ್ವಾ? ಕಾಯಿ ಬಿದ್ದು ಮೊಳಕೆ ಬರುತ್ತದೆ, ಹಲಸು ಮರದಲ್ಲೇ ಹಣ್ಣಾಗಿ ಕೊಳೆಯುತ್ತದೆ. ಒಂದು ಮನೆಯವರಿಂದ ಆಗದ ಕೆಲಸ ಅದು. ಹಲಸು ಕೊಯ್ಯಲು ಒಬ್ಬರು, ಸೊಳೆ ಬಿಡಿಸಲು ಇಬ್ಬರು, ಹಪ್ಪಳ ಒತ್ತಲು ಇಬ್ಬರು, ಕಾಗೆ ಓಡಿಸಲು ಮಕ್ಕಳು. ಅಷ್ಟು ಜನ ಈಗ ಯಾರ ಮನೆಯಲ್ಲಿದ್ದಾರೆ?

ಮೊದಲು ನಾವು ಹಿಡಿದದ್ದು ಬೇರೆ ದಾರಿ. ತಿಂಗಳ ಸಾಮಾನನ್ನು ಒಟ್ಟಿಗೆ ಬಂದರ್‌ನ ಸಗಟು ಅಂಗಡಿಯಿಂದ ತರುವುದು, ಪಾಲು ಮಾಡಿಕೊಳ್ಳುವುದು. ಲೆಕ್ಕದಲ್ಲಿ ಚೆನ್ನಾಗಿಯೇ ಇತ್ತು. ಆದರೆ ಬಾಯಿಯವರಿಗೆ ದಪ್ಪ ಕಜೆ ಅಕ್ಕಿಯೇ ಆಗಬೇಕು. ಮಾಮಿಗೆ ಬೆಳ್ತಿಗೆ. ನಮಗೆ ಸಣ್ಣ ಕುಚ್ಚಲು. ಮೆಣಸಿನ ವಿಷಯದಲ್ಲಂತೂ ಇಬ್ಬರದ್ದು ಒಂದೇ ಮಾತಾಗಲಿಲ್ಲ. ರಿಕ್ಷಾ ಟೆಂಪೋದ ಬಾಡಿಗೆ ಕಳೆದರೆ ಮನೆಗೆ ಉಳಿದದ್ದು ತಿಂಗಳಿಗೆ ನೂರೋ ನೂರೈವತ್ತೋ. ಅದಕ್ಕಿಂತ ಕಷ್ಟವಾದದ್ದು ಬಾಕಿ. "ಮುಂದಿನ ವಾರ ಕೊಡ್ತೇನೆ" ಅನ್ನುವ ಮಾತು ಎರಡು ಸಲ ಬಂದರೆ ಸಾಕು, ಗೇಟಿನ ಹತ್ತಿರ ನಿಂತು ಮಾತಾಡುವುದು ಕಡಿಮೆಯಾಗುತ್ತದೆ. ಆರು ತಿಂಗಳೊಳಗೆ ಅದು ತಾನಾಗಿ ನಿಂತಿತು. "ಹೇಳಿರಲಿಲ್ವಾ?" ಅಂತ ಭಾವನವರ ಫೋನು ಬಂತು.

ಅಲ್ಲಿಂದ ನಾನು ಕಲಿತದ್ದು ಇಷ್ಟು. ನಾಲ್ಕೂ ಮನೆಗೆ ಒಂದೇ ಥರ ಬೇಕಾಗುವ ವಸ್ತುವನ್ನು ಮಾತ್ರ ಒಟ್ಟಿಗೆ ಮಾಡಬೇಕು. ಹಾಗೆ ನೋಡಿದರೆ ಉಳಿಯುವುದು ತೆಂಗಿನೆಣ್ಣೆ, ಹಲಸಿನ ಹಪ್ಪಳ, ಉಪ್ಪುಸೊಳೆ (ಉಪ್ಪು ಹಾಕಿಟ್ಟ ಹಲಸಿನ ಸೊಳೆ), ಪುನರ್ಪುಳಿ. ಎಲ್ಲ ನಮ್ಮ ಹಿತ್ತಲಲ್ಲೇ ಇದ್ದದ್ದು. ಮೇ 24ರ ಸುಮಾರಿಗೆ, ಮಳೆಗಾಲಕ್ಕೆ ಮುಂಚೆ ಬರುವ ತುಳುವರ ದಿನ ಪತ್ತನಾಜೆಗೆ ಮೊದಲು ಡಬ್ಬಿ, ಭರಣಿ ತುಂಬಿರಬೇಕು ಅಂತ ಗಡುವು ಹಾಕಿಕೊಂಡೆವು.

ಎಣ್ಣೆಯ ಲೆಕ್ಕ ಹೇಳುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಒಂದು ಬೇಸಗೆಗೆ ನಾವು ಹಾಕುವುದು ನಾನೂರು ಕಾಯಿಯಷ್ಟು. ಒಣಗಿದ ಮೇಲೆ ಅರುವತ್ತು ಕಿಲೋ ಚಿಲ್ಲರೆ ಕೊಬ್ಬರಿ, ಮಿಲ್ಲಿನಲ್ಲಿ ಆಡಿಸಿದರೆ ನಲ್ವತ್ತು ಲೀಟರಿನ ಹತ್ತಿರ ಎಣ್ಣೆ. ಇಪ್ಪತ್ತು ಕಿಲೋ ಹಿಂಡಿ. ಮರ ಹತ್ತುವವರಿಗೆ, ಮಿಲ್ಲಿಗೆ, ಬಾಡಿಗೆಗೆ ಸೇರಿ ಮೂರು ಸಾವಿರದ ಒಳಗೆ. ಸುಲಿಯುವುದು ನಾವೇ, ಮಾಮ್ ಮತ್ತು ನನ್ನ ಯಜಮಾನರು.

"ಕಾಯಿಯನ್ನೇ ಮಾರಿದ್ರೆ ಜಾಸ್ತಿ ಸಿಗುವುದಿಲ್ವಾ?" ಅಂತ ಕೇಳುವವರಿದ್ದಾರೆ. ದರ ಏರಿದ ವರ್ಷ ನಾನೇ ಕೂತು ಲೆಕ್ಕ ಹಾಕಿದೆ. ಕಾಯಿಗೆ ಮೂವತ್ತು ಅಂತ ಹಿಡಿದರೆ ಹನ್ನೆರಡು ಸಾವಿರ. ಎಣ್ಣೆಯ ಬೆಲೆ ಹದಿನಾರು, ಹದಿನೇಳು ಸಾವಿರ. ಖರ್ಚು ಕಳೆದರೆ ಲಾಭ ಒಂದೂವರೆಯೋ ಎರಡೋ ಸಾವಿರ ಅಷ್ಟೇ, ಅದೂ ನಾಲ್ಕು ಮನೆಗೆ. ಆದರೆ ಈ ನಾನೂರರಲ್ಲಿ ಅರ್ಧದಷ್ಟು ವ್ಯಾಪಾರಿ ತಿರಸ್ಕರಿಸುವ ಕಾಯಿ. ಸಣ್ಣದು, ತಾನಾಗಿ ಬಿದ್ದದ್ದು, ಮೊಳಕೆ ಕಣ್ಣು ಬಿಟ್ಟದ್ದು. ಅವನ್ನು ಯಾರೂ ಮೂವತ್ತಕ್ಕೆ ಕೊಳ್ಳುವುದಿಲ್ಲ. ಒಳ್ಳೆಯದನ್ನು ಅಡುಗೆಗೂ ಮಾರಾಟಕ್ಕೂ ಇಟ್ಟು, ಉಳಿದದ್ದನ್ನು ಜಾಸ್ತಿಯಾಗಿ ಕೊಬ್ಬರಿಗೆ ಹಾಕಿದರೆ ಲೆಕ್ಕ ಚೆನ್ನಾಗಿ ಕೂರುತ್ತದೆ. ಮೇಲೆ ಗೆರಟೆ, ಸಿಪ್ಪೆ ಇದೆ. ಮಳೆಗಾಲ ಪೂರ್ತಿ ಬಚ್ಚಲ ಹಂಡೆಗೆ ಅದೇ ಸೌದೆ. ನಮ್ಮಲ್ಲಿ ಗೀಸರ್ ಇದೆ, ಆದರೆ ಜೂನ್‌ನಿಂದ ಅದರ ಸ್ವಿಚ್ಚು ಮುಟ್ಟುವುದು ಅಪರೂಪ. ಹಂಡೆಯ ನೀರಿನ ಸ್ನಾನದ ಸುಖವೇ ಬೇರೆ. ಹಿಂಡಿ ಹೋಗುವುದು ಪಕ್ಕದ ಓಣಿಯ ದನ ಸಾಕುವವರಿಗೆ. ದುಡ್ಡು ತೆಗೆದುಕೊಳ್ಳುವುದಿಲ್ಲ, ಬದಲಿಗೆ ಅವರು ಗೊಬ್ಬರ ತಂದು ತೆಂಗಿನ ಬುಡಕ್ಕೆ ಹಾಕುತ್ತಾರೆ.

ಮೊದಲ ವರ್ಷ ಎಣ್ಣೆ ಕೆಟ್ಟಿತು. ಏಪ್ರಿಲ್ ಕೊನೆಗೆ ಮೂರು ಸಂಜೆ ಸತತ ಗುಡುಗು ಮಳೆ. ಕೊಬ್ಬರಿ ಒಳಗೆ ಹಾಕಿದೆವು, ಬೂಷ್ಟು ಬಂತು. ಒರೆಸಿ ಮತ್ತೆ ಒಣಗಿಸಿ ಆಡಿಸಿದರೂ ಆಗಸ್ಟ್ ಹೊತ್ತಿಗೆ ಎಣ್ಣೆ ಕಮಟು. ಹತ್ತು ಲೀಟರಿಗೂ ಮೇಲೆ ದೀಪಕ್ಕೆ ಹೋಯಿತು. ಆಮೇಲೆ ಎರಡು ಬದಲಾವಣೆ ಮಾಡಿದೆವು. ಒಂದು, ಫೆಬ್ರವರಿಯಲ್ಲೇ ಕಾಯಿ ಒಡೆಯುವುದು. ಆಗ ಆಕಾಶ ನಂಬಬಹುದು, ಏಳೆಂಟು ಬಿಸಿಲಿಗೆ ಕೆಲಸ ಮುಗಿಯುತ್ತದೆ. ಇನ್ನೊಂದು, ಹೋಳನ್ನು ಬಗ್ಗಿಸಿ ನೋಡದೆ ಚೀಲಕ್ಕೆ ತುಂಬಿಸುವಂತಿಲ್ಲ. ಬಗ್ಗಿದರೆ ಮತ್ತೆ ಬಿಸಿಲಿಗೆ, ಟಕ್ ಅಂತ ಮುರಿದರೆ ಮಿಲ್ಲಿಗೆ. ಈ ಪರೀಕ್ಷೆ ಮಾಡುವುದು ಅಕ್ಕ ಒಬ್ಬರೇ. ಅವರು ಆಯಿತು ಅನ್ನದೆ ಯಾರೂ ಚೀಲ ಕಟ್ಟುವುದಿಲ್ಲ. ಎಣ್ಣೆ ತಂದ ಮೇಲೆ ಒಂದು ವಾರ ಅಲ್ಲಾಡಿಸದೆ ಇಟ್ಟು, ಮಡ್ಡಿ ಕೆಳಗೆ ಕೂತ ಮೇಲೆ ಬೇರೆ ಪಾತ್ರೆಗೆ ಬಗ್ಗಿಸುತ್ತೇವೆ. ಮುಂದಿನ ಫೆಬ್ರವರಿಯವರೆಗೂ ಪರಿಮಳ ಹಾಗೇ ಇರುತ್ತದೆ.

ನಡುವೆ ಯಜಮಾನರದ್ದೊಂದು ಪ್ರಯೋಗ. ಬಿಸಿಲಲ್ಲಿ ನಿಂತ ಹಳೆಯ ಓಮ್ನಿ ವ್ಯಾನಿನೊಳಗೆ ಕೊಬ್ಬರಿ ಹರಡಿ, ಗಾಜು ಒಂದು ಬೆರಳು ಇಳಿಸಿ ಬಿಟ್ಟರು. ಕಾಗೆಯ ಕಾಟವಿಲ್ಲ, ಧೂಳಿಲ್ಲ, ಎರಡು ದಿನ ಮೊದಲೇ ಒಣಗಿತು. ವಾಸನೆ ಮಾತ್ರ ತಿಂಗಳಾದರೂ ಸೀಟು ಬಿಡಲಿಲ್ಲ. ನಾನು ಪುನರ್ಪುಳಿ ಬೀಜ ಜಜ್ಜಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡು ತೆಗೆದು ತುಪ್ಪ ಮಾಡಿದೆ. ಒಂದು ಬುಟ್ಟಿ ಬೀಜಕ್ಕೆ ಒಂದು ಸಣ್ಣ ಕರಡಿಗೆ. ದುಡ್ಡಿನ ಲೆಕ್ಕದಲ್ಲಿ ಇದು ಕೂರುವುದಿಲ್ಲ. ಆದರೆ ಮಳೆಗಾಲದಲ್ಲಿ ಒಡೆದ ಹಿಮ್ಮಡಿಗೆ ಇಷ್ಟು ಒಳ್ಳೆಯದು ಬೇರೆ ನಾನು ಕಂಡಿಲ್ಲ, ಅದಕ್ಕೇ ಪ್ರತಿ ವರ್ಷ ಮಾಡುತ್ತೇನೆ.

ಹಪ್ಪಳಕ್ಕೆ ಬಾಯಿಯವರ ಹಿತ್ತಲಿನ ಬಕ್ಕೆಯೇ ಆಗಬೇಕು, ಗಟ್ಟಿ ಸೊಳೆಯ ಹಲಸು ಅದು. ನಮ್ಮ ಮರ ತುಳುವೆ, ಮೆತ್ತನೆ ಸೊಳೆಯದು. ಅದರದ್ದೂ ಮಾಡಿ ನೋಡಿದೆವು, ಒಣಗುವಾಗ ಅಂಚು ಬಿರಿಯಿತು. ಅದು ಉಪ್ಪುಸೊಳೆಗೆ, ಹಣ್ಣಾದರೆ ಎಲೆಯಲ್ಲಿ ಬೇಯಿಸುವ ಗಟ್ಟಿ ಎಂಬ ತಿಂಡಿಗೆ. ಬಕ್ಕೆ ಚೆನ್ನಾಗಿ ಬಲಿತಿರಬೇಕು, ಹಣ್ಣಿನ ವಾಸನೆ ಬಂದಿರಬಾರದು. ಬೇಯಿಸಿ ಬಿಸಿಯಲ್ಲೇ ರುಬ್ಬಬೇಕು, ನೀರು ತೋರಿಸಲೇಬಾರದು. ಇದೆಲ್ಲ ನಿಮಗೆ ಗೊತ್ತಿರುವುದೇ. ಹಿಟ್ಟಿಗೆ ಮಾಮಿ ಒಂದು ಪುಡಿ ಹಾಕುತ್ತಾರೆ. ಅದರಿಂದಲೇ ನಮ್ಮ ಹಪ್ಪಳ ಎಣ್ಣೆಗೆ ಬಿಟ್ಟ ಕೂಡಲೇ ಅರಳುತ್ತದೆ, ಎಣ್ಣೆಯೂ ಕುಡಿಯುವುದಿಲ್ಲ. ಏನು ಅಂತ ನನಗೆ ಗೊತ್ತು. ಬರೆಯುವುದಿಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೇನೆ.

ಒಳ್ಳೆಯ ಹಲಸು ಒಂದಕ್ಕೆ ನೂರರಷ್ಟು ಹಪ್ಪಳ. ಹತ್ತು ಹಲಸು ಮಾಡಿದರೆ ಮನೆಗೆ ಇನ್ನೂರೈವತ್ತು. ಅಂಗಡಿಯಲ್ಲಿ ಇಪ್ಪತ್ತೈದರ ಕಟ್ಟು ನೂರರ ಹತ್ತಿರ ಇದೆ, ಅಂದರೆ ಮನೆಗೆ ಸಾವಿರದ ಮಾಲು. ಗ್ಯಾಸು, ಮೆಣಸು, ಉಪ್ಪು, ಇಂಗು ಎಲ್ಲ ಸೇರಿ ನಮಗೆ ಬೀಳುವುದು ತಲಾ ನೂರೈವತ್ತು. ಹಲಸಿನ ಬೀಜವೆಲ್ಲ ಮರದ ಯಜಮಾನರಿಗೆ, ಅದು ನಮ್ಮ ಕಟ್ಟಳೆ. ಬಾಯಿ ಅದನ್ನು ಉಪ್ಪು ನೀರಿನಲ್ಲಿ ಬೇಯಿಸಿ ಒಣಗಿಸಿ ಸಾಂತಾಣಿ ಮಾಡಿ ಮತ್ತೆ ಎಲ್ಲರಿಗೂ ಹಂಚುತ್ತಾರೆ.

ಕಟ್ಟಳೆ ಅಂದೆ. ಇನ್ನೂ ಎರಡಿವೆ, ಇಷ್ಟು ವರ್ಷ ಜಗಳವಾಗದೆ ಇರಲು ಅವೇ ಕಾರಣ. ಖರ್ಚು ಅದೇ ಸಂಜೆ ನಾಲ್ಕು ಭಾಗ ಆಗಬೇಕು, ದುಡ್ಡು ಮೇಜಿನ ಮೇಲೆ ಬಂದ ಮೇಲೆಯೇ ಮಾಲು ಪಾಲು ಮಾಡುವುದು. ಬಾಕಿ ಅನ್ನುವುದೇ ಇಲ್ಲ. ಇನ್ನೊಂದು, ಯಾರು ಎಷ್ಟು ಹೊತ್ತು ದುಡಿದರು ಅಂತ ಎಣಿಸುವಂತಿಲ್ಲ, ಪಾಲು ಸಮ. ಬರಲಾಗದವರು ಮಧ್ಯಾಹ್ನದ ಗಂಜಿ, ಚಟ್ನಿ ಕಳುಹಿಸಬೇಕು. ಒಮ್ಮೆ ಅಕ್ಕನ ಸೊಸೆಗೆ ಬಾಣಂತನ, ಆ ಮನೆಯಿಂದ ಯಾರೂ ಬರಲಿಲ್ಲ. ಅವರ ಪಾಲಿನ ಹಪ್ಪಳ ಅವರ ಮನೆಯ ಬಾಗಿಲಿಗೆ ಹೋಯಿತು. ಮರುವರ್ಷ ಆ ಹುಡುಗಿ ಮಗುವನ್ನು ಮಾಮಿಯ ಮಡಿಲಿಗೆ ಕೊಟ್ಟು ಎಲ್ಲರಿಗಿಂತ ಜಾಸ್ತಿ ಒತ್ತಿದಳು.

ಲೆಕ್ಕಕ್ಕೆ ಸಿಗದ ಸುಖ ಬೇರೆ ಇದೆ. ಹಪ್ಪಳದ ಹಸಿ ಹಿಟ್ಟಿಗೆ ತೆಂಗಿನೆಣ್ಣೆ ಸವರಿ, ಕಾಯಿ ಚೂರು ಸೇರಿಸಿ ತಿಂದಿದ್ದೀರಾ? ರಜೆಯಲ್ಲಿ ಬರುವ ಮಕ್ಕಳು ಕಾಗೆ ಕಾಯಲು ಒಪ್ಪುವುದೇ ಆ ಹಿಟ್ಟಿಗಾಗಿ. ಮೊಬೈಲು ಇಡು ಅಂತ ನಾವ್ಯಾರೂ ಹೇಳಿಲ್ಲ, ಕೈಯೆಲ್ಲ ಎಣ್ಣೆ, ಮೇಣ, ಹಿಡಿಯಲಿಕ್ಕೇ ಆಗುವುದಿಲ್ಲ. ಮಾಮ್ ಹಳೆಯ ಊರ ಕಥೆ ಹೇಳುತ್ತಾ ಸೊಳೆ ಬಿಡಿಸುತ್ತಾರೆ. ಬಾಯಿ ಕೊಂಕಣಿಯಲ್ಲಿ, ಅಕ್ಕ ತುಳುವಿನಲ್ಲಿ, ಮಕ್ಕಳು ಕನ್ನಡದಲ್ಲಿ ಒಟ್ಟಿಗೆ ಮಾತಾಡುತ್ತಿರುತ್ತಾರೆ. ಚೌತಿಯ ಚಕ್ಕುಲಿಯೂ, ಸೆಪ್ಟೆಂಬರ್ 8ರ ತೆನೆಹಬ್ಬದ ದಿನ ಬಾಯಿಯವರ ಮನೆಯ ತರಕಾರಿ ಊಟವೂ ಇದೇ ಎಣ್ಣೆಯದ್ದು.

2025ರಲ್ಲಿ ಮಳೆ ನಮ್ಮ ಕರಾವಳಿಗೆ ಮೇ 24ಕ್ಕೇ ಬಂದುಬಿಟ್ಟಿತು, ಸರಿಯಾಗಿ ಪತ್ತನಾಜೆಯ ಹೊತ್ತಿಗೆ. ಮಳೆ ಬರುವುದು ಜೂನ್ ಮೊದಲ ವಾರಕ್ಕೆ ಅಂತ ಹಪ್ಪಳ ಮುಂದೂಡಿದ ಎಷ್ಟೋ ಮನೆಯವರಿಗೆ ಆ ವರ್ಷ ಏನೂ ಸಿಗಲಿಲ್ಲ. ನಮ್ಮ ಡಬ್ಬಿಗಳಿಗೆ ಅಷ್ಟರಲ್ಲಿ ಮುಚ್ಚಳ ಬಿದ್ದಾಗಿತ್ತು.

ಈಗ ಓಣಿಯ ಕೊನೆಯ ಮನೆಯವರೂ ಸೇರುತ್ತೇವೆ ಅನ್ನುತ್ತಿದ್ದಾರೆ. ಅವರಲ್ಲಿ ಒಂದೂ ಮರವಿಲ್ಲ. ನಾಲ್ಕೂ ಮನೆಯವರು ಕೂತು ಮಾತಾಡಿದೆವು. ಮರವಿಲ್ಲದಿದ್ದರೆ ಏನಾಯಿತು, ಓಣಿಯಲ್ಲೇ ದೊಡ್ಡ ಟೆರೇಸು ಅವರದ್ದು, ಬೆಳಗ್ಗಿನಿಂದ ಸಂಜೆವರೆಗೆ ಬಿಸಿಲು. ಬರುವ ಫೆಬ್ರವರಿಗೆ ಕೊಬ್ಬರಿ ಅಲ್ಲೇ ಒಣಗಿಸುವುದು, ಪಾಲು ಐದು.